ನಿಲ್ಲದ ಓಟ, ಸೇರದ ಊಟ

ದಿನವೂ ವ್ಯಾಯಾಮ ಮಾಡುವವರು ಒಂದು ತಿಂಗಳು ಅದನ್ನು ಬಿಟ್ಟರೆ ಅವರ ನಿದ್ದೆ ಏನಾಗುತ್ತದೆ? ಅಮೆರಿಕದ ಮನೋವೈದ್ಯ ಫ್ರೆಡರಿಕ್ ಬೇಕ್‌ಲ್ಯಾಂಡ್ ಅವರಿಗೆ ಇದನ್ನು ತಿಳಿಯಬೇಕಿತ್ತು. ಭಾಗವಹಿಸುವವರಿಗೆ ದುಡ್ಡು ಕೊಡುವುದೆಂದೂ ನಿರ್ಧಾರವಾಗಿತ್ತು. ಆದರೆ ವಾರಕ್ಕೆ ಐದಾರು ದಿನ ಬೆವರು ಹರಿಸುವವರು ಪ್ರಯೋಗಕ್ಕೆ ಒಪ್ಪಲೇ ಇಲ್ಲ. ಹೆಚ್ಚು ದುಡ್ಡು ಕೊಡುತ್ತೇವೆಂದರೂ ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನವಷ್ಟೇ ವ್ಯಾಯಾಮ ಮಾಡುತ್ತಿದ್ದವರನ್ನು ಸೇರಿಸಿಕೊಂಡು ಪ್ರಯೋಗ ಮುಗಿಸಬೇಕಾಯಿತು. ತಿಂಗಳು ಕಳೆಯುವಷ್ಟರಲ್ಲಿ ಅವರ ನಿದ್ದೆಯೂ ಕೆಟ್ಟಿತ್ತು, ಆತಂಕವೂ ಹೆಚ್ಚಿತ್ತು. 1970ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇಂದು ಜನ ನೆನೆಯುವುದು ಅದರ ಫಲಿತಾಂಶಕ್ಕಿಂತ ಹೆಚ್ಚಾಗಿ, ಪ್ರಯೋಗಕ್ಕೆ ಬರಲು ಒಪ್ಪದೇ ಹೋದವರಿಂದಾಗಿ.

ಓಟದ ಪರವಾಗಿ ಹೇಳುವ ಮಾತು ಬೇಕಾದಷ್ಟಿದೆ, ಅದೆಲ್ಲ ನಿಜವೂ ಹೌದು. ಹೃದಯಕ್ಕೆ ಒಳ್ಳೆಯದು, ರಕ್ತದೊತ್ತಡಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೂ ಮನಸ್ಸಿನ ಭಾರಕ್ಕೂ ಒಳ್ಳೆಯದು. ಬೆಳಗಾದರೆ ಬೂಟು ಕಟ್ಟಿ ಹೊರಡುವವರಲ್ಲಿ ಬಹುಪಾಲು ಮಂದಿ ಆರೋಗ್ಯವಾಗಿಯೇ ಇರುತ್ತಾರೆ. ಈ ಬರಹ ಉಳಿದವರ ಕುರಿತು. ಜ್ವರ ಬಂದರೂ ಓಡುವವರು, ಕಾಲು ಊದಿದರೂ ಓಡುವವರು, ಓಡದ ದಿನ ಊಟ ಮಾಡಲು ತಮಗೆ ಹಕ್ಕಿಲ್ಲ ಎಂದುಕೊಂಡವರು. ಇವರಲ್ಲಿ ಎರಡು ತೊಂದರೆಗಳು ಪದೇ ಪದೇ ಜೊತೆಯಾಗಿ ಕಾಣಿಸುತ್ತವೆ. ಒಂದು ವ್ಯಾಯಾಮದ ಗೀಳು, ಇನ್ನೊಂದು ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಜೊತೆಗಿನ ಸಂಬಂಧವೇ ಕೆಟ್ಟುಹೋಗುವ ಕಾಯಿಲೆ. ಇವೆರಡೂ ಅಕ್ಕಪಕ್ಕದಲ್ಲಿ ಸುಮ್ಮನೆ ಕೂತಿರುವುದಿಲ್ಲ. ಒಂದು ಇನ್ನೊಂದನ್ನು ತಳ್ಳುತ್ತದೆ, ಬೆಳೆಸುತ್ತದೆ, ಮರೆಮಾಚುತ್ತದೆ.

ಹೊಗಳಿಕೆಯಿಂದ ಎಚ್ಚರಿಕೆಗೆ

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಚಿನ್ನ ಗೆದ್ದ ಮೇಲೆ ಅಮೆರಿಕದಲ್ಲಿ ಓಟದ ಅಲೆ ಎದ್ದಿತು. ಆಟಗಾರರಲ್ಲದ ಗುಮಾಸ್ತರು, ಪ್ರಾಧ್ಯಾಪಕರು, ಗೃಹಿಣಿಯರು ರಸ್ತೆಗಿಳಿದರು. ಅದೇ ದಶಕದ ನಡುವೆ, 1976ರಲ್ಲಿ, ಮನೋವೈದ್ಯ ವಿಲಿಯಂ ಗ್ಲಾಸರ್ ಓಟವನ್ನೂ ಧ್ಯಾನವನ್ನೂ ಒಳ್ಳೆಯ ವ್ಯಸನಗಳೆಂದು ಕೊಂಡಾಡಿ ಪುಸ್ತಕ ಬರೆದರು. ಮೂರೇ ವರ್ಷಕ್ಕೆ, 1979ರಲ್ಲಿ, ಕ್ರೀಡಾ ಮನೋವಿಜ್ಞಾನಿ ವಿಲಿಯಂ ಮೋರ್ಗನ್ ಇದರ ಇನ್ನೊಂದು ಮುಖವನ್ನು ತೋರಿಸಿದರು. ವೈದ್ಯರು ಬೇಡವೆಂದರೂ ಗಾಯದ ಮೇಲೆ ಓಡುವವರು, ಕೆಲಸ ಕೆಟ್ಟರೂ ಸಂಸಾರ ಒಡೆದರೂ ಓಡುವವರು ಅವರ ಲೇಖನದಲ್ಲಿದ್ದರು.

ಓಟಕ್ಕೂ ಊಟಕ್ಕೂ ಗಂಟು ಹಾಕಿದ ಪ್ರಬಂಧ ಬಂದದ್ದು 1983ರಲ್ಲಿ. ಅರಿಜೋನಾದ ಮನೋವೈದ್ಯೆ ಅಲೇನ್ ಯೇಟ್ಸ್ ಮತ್ತು ಸಂಗಡಿಗರು ಅರವತ್ತಕ್ಕೂ ಹೆಚ್ಚು ಓಟಗಾರರನ್ನು ಮಾತಾಡಿಸಿ, ಕಂಡದ್ದನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದರು. ಓಡಲೇಬೇಕೆಂಬ ಗೀಳಿಗೆ ಸಿಕ್ಕಿಕೊಂಡ ಗಂಡಸರ ಸ್ವಭಾವವು ಅನೊರೆಕ್ಸಿಯಾದಿಂದ, ಅಂದರೆ ತೂಕ ಹೆಚ್ಚುವ ಭಯದಲ್ಲಿ ಊಟ ತೊರೆಯುವ ಈಟಿಂಗ್ ಡಿಸಾರ್ಡರ್‌ನಿಂದ, ನರಳುವ ಯುವತಿಯರ ಸ್ವಭಾವವನ್ನು ಹೋಲುತ್ತಿತ್ತು. ಸಿಟ್ಟನ್ನು ಒಳಗೇ ನುಂಗುವುದು, ತಮ್ಮಿಂದ ವಿಪರೀತ ನಿರೀಕ್ಷಿಸುವುದು, ನೋವನ್ನು ಸಹಿಸಿಕೊಂಡೇ ಇರುವುದು, ದೇಹ ಕುಸಿಯುತ್ತಿದ್ದರೂ ಏನೂ ಆಗಿಲ್ಲ ಎನ್ನುವುದು ಎರಡೂ ಕಡೆ ಇತ್ತು.

ಈ ಪ್ರಬಂಧಕ್ಕೆ ದೊಡ್ಡ ವಿರೋಧ ಬಂತು. ಮರುವರ್ಷವೇ ಜೇಮ್ಸ್ ಬ್ಲೂಮೆಂತಾಲ್ ಮತ್ತವರ ತಂಡ ಗೀಳಿನ ಓಟಗಾರರನ್ನೂ ಅನೊರೆಕ್ಸಿಯಾ ರೋಗಿಗಳನ್ನೂ ಮಾನಸಿಕ ಪರೀಕ್ಷೆಗೆ ಒಳಪಡಿಸಿ, ಓಟಗಾರರ ಮನಸ್ಸು ಬಹುಮಟ್ಟಿಗೆ ಸರಿಯಾಗಿಯೇ ಇದೆ ಎಂದಿತು. ವಾದ ವಿವಾದದಿಂದ ಒಂದು ಒಳ್ಳೆಯದಾಯಿತು. 1987ರಲ್ಲಿ ಬ್ರಿಟನ್ನಿನ ಮನೋವೈದ್ಯ ಡೇವಿಡ್ ವೀಲ್ ವ್ಯಾಯಾಮದ ಗೀಳನ್ನು ಎರಡಾಗಿ ಬಿಡಿಸಿ ನೋಡಬೇಕೆಂದರು. ವ್ಯಾಯಾಮವೇ ಗುರಿಯಾಗಿರುವುದು ಮೊದಲ ಬಗೆ. ತೂಕ ಇಳಿಸುವುದೇ ಗುರಿಯಾಗಿ, ವ್ಯಾಯಾಮ ಅದರ ಆಯುಧವಾಗಿರುವುದು ಎರಡನೆಯದು. ಎರಡನೆಯ ಬಗೆಯ ಹಿಂದೆ ಯಾವಾಗಲೂ ಒಂದು ಈಟಿಂಗ್ ಡಿಸಾರ್ಡರ್ ಅಡಗಿರುತ್ತದೆ. ಅದನ್ನು ಮುಟ್ಟದೆ ಬರೀ ಓಟವನ್ನು ಕಡಿಮೆ ಮಾಡಿಸಿದರೆ ಕಾಯಿಲೆ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ.

ವ್ಯಾಯಾಮದ ಗೀಳು ಇಂದಿಗೂ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ದಾಖಲಾಗಿಲ್ಲ. ಆ ಕೈಪಿಡಿಯ 2013ರ ಆವೃತ್ತಿಯಾದ ಡಿಎಸ್ಎಂ-5 ಮಾದಕ ವಸ್ತುಗಳಾಚೆಗಿನ ವ್ಯಸನಗಳಲ್ಲಿ ಜೂಜನ್ನು ಮಾತ್ರ ಒಪ್ಪಿಕೊಂಡಿದೆ. ಆದರೂ ವ್ಯಾಯಾಮದ ಗೀಳಿಗೂ ಈಟಿಂಗ್ ಡಿಸಾರ್ಡರ್‌ಗೂ ಇರುವ ನಂಟಿಗೆ ಆಧಾರ ಗಟ್ಟಿಯಾಗುತ್ತಲೇ ಬಂದಿದೆ. ಮೈಕ್ ಟ್ರಾಟ್ ಮತ್ತು ಸಂಗಡಿಗರು ಒಂಬತ್ತು ಅಧ್ಯಯನಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈಟಿಂಗ್ ಡಿಸಾರ್ಡರ್‌ನ ಲಕ್ಷಣಗಳಿರುವವರಲ್ಲಿ ವ್ಯಾಯಾಮದ ಗೀಳಿನ ಸಂಭವ ಉಳಿದವರಿಗಿಂತ ಸುಮಾರು 3.7 ಪಟ್ಟು ಹೆಚ್ಚಿತ್ತು.

ಗಾಲಿಯೊಳಗಿನ ಇಲಿ

ನಂಟು ಇರುವುದು ಗೊತ್ತಾಯಿತು. ಯಾಕಿದೆ ಎಂಬುದಕ್ಕೆ ಮನಸ್ಸಿನ ಜೊತೆಗೆ ಮೈಯನ್ನೂ ಕೇಳಬೇಕು. 1967ರಲ್ಲಿ ರೂಟೆನ್‌ಬರ್ಗ್ ಮತ್ತು ಕುಜ್ನೆಸಾಫ್ ಎಂಬ ವಿಜ್ಞಾನಿಗಳು ವರದಿ ಮಾಡಿದ ಪ್ರಯೋಗ ಇದಕ್ಕೊಂದು ಬಾಗಿಲು ತೆರೆಯಿತು. ಇಲಿಗಳಿಗೆ ದಿನಕ್ಕೆ ಒಂದೇ ಗಂಟೆ ಆಹಾರ. ಆ ಗಂಟೆಯಲ್ಲಿ ಎಷ್ಟು ಬೇಕಾದರೂ ತಿನ್ನಬಹುದು. ಸಾಮಾನ್ಯ ಪಂಜರದ ಇಲಿಗಳು ಕೆಲವು ದಿನ ಸೊರಗಿ, ಆಮೇಲೆ ಸಿಕ್ಕ ಗಂಟೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದನ್ನು ಕಲಿತು ಬದುಕಿದವು. ಪಂಜರದಲ್ಲಿ ಓಡುವ ಗಾಲಿಯೂ ಇದ್ದ ಇಲಿಗಳ ಕಥೆ ಬೇರೆಯಾಯಿತು. ಅವು ದಿನದಿಂದ ದಿನಕ್ಕೆ ಹೆಚ್ಚು ಓಡಿದವು, ಎದುರಿಗೆ ಆಹಾರವಿದ್ದರೂ ಕಡಿಮೆ ತಿಂದವು. ತಡೆಯುವವರಿಲ್ಲದಿದ್ದರೆ ಓಡಿ ಓಡಿ ಸತ್ತವು.

ಇಲಿಗೆ ಕನ್ನಡಿಯಿಲ್ಲ, ತೆಳ್ಳಗೆ ಕಾಣಬೇಕೆಂಬ ಆಸೆಯಿಲ್ಲ, ಪದಕದ ಹಂಬಲವಿಲ್ಲ. ಆದರೂ ಹಸಿವು ಮತ್ತು ಓಟ ಒಂದು ಹದದಲ್ಲಿ ಸೇರಿದ ಕೂಡಲೇ ಅದರ ಮಿದುಳು ಅದನ್ನು ಸಾವಿನ ಕಡೆಗೆ ಓಡಿಸಿತು. 2000ದಲ್ಲಿ ಜರ್ಮನಿಯ ಸಂಶೋಧಕರು ಇದಕ್ಕೊಂದು ಸುಳಿವು ಕೊಟ್ಟರು. ಮೈಯಲ್ಲಿ ಕೊಬ್ಬು ಕರಗಿದಾಗ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಅರೆಹೊಟ್ಟೆಯ ಇಲಿಗಳಿಗೆ ಅದನ್ನು ಹೊರಗಿನಿಂದ ಕೊಟ್ಟಾಗ ಅವುಗಳ ಚಡಪಡಿಕೆ ತಗ್ಗಿತು. ಬರಗಾಲದಲ್ಲಿ ಇದ್ದಲ್ಲೇ ಇರದೆ ಆಹಾರ ಹುಡುಕಿಕೊಂಡು ಹೊರಡಲಿ ಎಂದು ಪ್ರಕೃತಿ ಇಟ್ಟಿರುವ ಏರ್ಪಾಡು ಇದಾಗಿರಬಹುದು ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ.

ಮನುಷ್ಯ ಇಲಿಯಲ್ಲ. ಆದರೆ ಅನೊರೆಕ್ಸಿಯಾ ಇರುವವರಲ್ಲಿ ಅನೇಕರು ಮೂಳೆ ಚಕ್ಕಳವಾಗಿದ್ದರೂ ಕೂತಲ್ಲಿ ಕೂರಲಾರರು ಎಂಬುದನ್ನು ವೈದ್ಯರು ನೂರೈವತ್ತು ವರ್ಷಗಳ ಹಿಂದೆಯೇ ಗುರುತಿಸಿದ್ದರು. ಓಟಗಾರರ ವಿಷಯದಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು. ಊಟ ತಗ್ಗಿಸಿ ಓಡಲು ಶುರುಮಾಡಿದವರು ಒಂದು ಹಂತ ದಾಟಿದ ಮೇಲೆ, ಓಡುತ್ತಿರುವುದು ಅವರ ಛಲ ಮಾತ್ರವಲ್ಲ. ಹಸಿದ ಮಿದುಳೂ ಅವರನ್ನು ಓಡಿಸುತ್ತಿರುತ್ತದೆ. ‘ಸ್ವಲ್ಪ ಕಡಿಮೆ ಮಾಡು’ ಎಂಬ ಬುದ್ಧಿಮಾತು ಅವರಿಗೆ ನಾಟದಿರುವುದು ಮೊಂಡುತನದಿಂದಲ್ಲ.

ತಟ್ಟೆಯ ಲೆಕ್ಕ

ಈ ಹಂತಕ್ಕೆ ಬರಲು ಉಪವಾಸ ಬೀಳಬೇಕಾಗಿಲ್ಲ. ಕ್ರೀಡಾ ವೈದ್ಯರು ಒಂದು ಲೆಕ್ಕ ಬಳಸುತ್ತಾರೆ. ದಿನದಲ್ಲಿ ತಿಂದ ಕ್ಯಾಲರಿಯಿಂದ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದರೆ ಉಳಿಯುವುದು ಮೈಯ ಉಳಿದ ಕೆಲಸಗಳಿಗೆ: ಹೃದಯ ಬಡಿಯಲು, ಮೂಳೆ ಕಟ್ಟಲು, ಮುಟ್ಟಿನ ಚಕ್ರ ನಡೆಯಲು, ಗಾಯ ಮಾಯಲು. ಈ ಉಳಿಕೆ, ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕಿಲೋಗೆ 45 ಕ್ಯಾಲರಿಯಷ್ಟಿದ್ದರೆ ಕ್ಷೇಮ. ಅಮೆರಿಕದ ಆನ್ ಲೌಕ್ಸ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದು 30ಕ್ಕಿಂತ ಕೆಳಗಿಳಿದ ಐದೇ ದಿನದಲ್ಲಿ ಆರೋಗ್ಯವಂತ ಯುವತಿಯರ ಸಂತಾನ ಹಾರ್ಮೋನುಗಳ ಲಯ ತಪ್ಪಿತು. ಎಲ್ಲರಿಗೂ ಒಂದೇ ಗೆರೆ ಹೊಂದುವುದಿಲ್ಲ ಎಂದು ಈಗ ತಜ್ಞರು ಹೇಳುತ್ತಾರೆ, ಆದರೆ ದಿಕ್ಕು ಸ್ಪಷ್ಟವಾಗಿದೆ.

ಒಂದು ಉದಾಹರಣೆ ನೋಡಿ. 55 ಕಿಲೋ ತೂಕದ ಹೆಣ್ಣುಮಗಳು, ಕೊಬ್ಬು ಬಿಟ್ಟರೆ 45 ಕಿಲೋ ಎನ್ನೋಣ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಚಪಾತಿ ಪಲ್ಯ, ನಡುವೆ ಹಣ್ಣು, ಕಾಫಿ. ಎಲ್ಲ ಸೇರಿ 1,800 ಕ್ಯಾಲರಿ. ನೋಡಿದವರು ಮೂರು ಹೊತ್ತೂ ಉಣ್ಣುತ್ತಾಳಲ್ಲ ಎನ್ನುತ್ತಾರೆ. ಅವಳು ದಿನವೂ 10 ಕಿಲೋಮೀಟರ್ ಓಡಿದರೆ ಅದಕ್ಕೇ ಸುಮಾರು 550 ಕ್ಯಾಲರಿ ಹೋಗುತ್ತದೆ. ಉಳಿಯುವುದು 1,250. ಕಿಲೋಗೆ 28ರ ಆಸುಪಾಸು. ಮೈಗೆ ಬೇಕಾಗಿದ್ದದ್ದು 2,025. ಊಟ ಬಿಟ್ಟವಳಲ್ಲ, ಆದರೂ ಅವಳ ದೇಹ ಬರಗಾಲದಲ್ಲಿದೆ. ಇದು ಓಟಗಾರರು ತಟ್ಟೆಯ ಮುಂದೆ ಕೂತು ಮಾಡಬೇಕಾದ ಲೆಕ್ಕವಲ್ಲ. ಲೆಕ್ಕ ಹಾಕಿ ಉಣ್ಣುವ ಚಾಳಿ ಈ ಕಾಯಿಲೆಯನ್ನು ಬೆಳೆಸಬಲ್ಲದು. ಅವರ ತರಬೇತುದಾರರು ಮತ್ತು ವೈದ್ಯರು ತಿಳಿದಿರಬೇಕಾದ ಲೆಕ್ಕ.

ಖರ್ಚಿಗೆ ಸಾಲದಾದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಮೊದಲಿಗೆ ಸಂತಾನಶಕ್ತಿ: ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ನಿಲ್ಲುತ್ತದೆ, ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಇಳಿದು ಕಾಮಾಸಕ್ತಿ ಕುಗ್ಗುತ್ತದೆ. ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯುತ್ತದೆ. ಕೈಕಾಲು ತಣ್ಣಗಾಗುತ್ತವೆ, ಶೀತ ನೆಗಡಿ ಬಿಡುವುದಿಲ್ಲ, ಮನಸ್ಸು ಸಿಡುಕಾಗುತ್ತದೆ. ಊಟ, ಮುಟ್ಟು, ಮೂಳೆ ಈ ಮೂರರ ನಂಟನ್ನು ಅಮೆರಿಕದ ಕ್ರೀಡಾ ವೈದ್ಯರು 1992ರಲ್ಲೇ ಕ್ರೀಡಾಪಟು ಹೆಣ್ಣುಮಕ್ಕಳ ತ್ರಿವಳಿ ತೊಂದರೆ ಎಂದು ಗುರುತಿಸಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದನ್ನು ಹಿಗ್ಗಿಸಿ, ಗಂಡಸರನ್ನೂ ಸೇರಿಸಿ, ‘ರೆಡ್-ಎಸ್’ ಎಂಬ ಹೆಸರು ಕೊಟ್ಟಿತು.

ಇಪ್ಪತ್ತಕ್ಕೇ ಸವೆದ ಮೂಳೆ

ಇಂಗ್ಲೆಂಡಿನ ಬಾಬಿ ಕ್ಲೇ 2015ರಲ್ಲಿ 1500 ಮೀಟರ್ ಓಟದ ಯುರೋಪಿಯನ್ ಜೂನಿಯರ್ ಚಾಂಪಿಯನ್. ಎರಡು ವರ್ಷದ ನಂತರ ಅವರು ‘ಅಥ್ಲೆಟಿಕ್ಸ್ ವೀಕ್ಲಿ’ ಪತ್ರಿಕೆಯಲ್ಲಿ ತಮ್ಮ ಕಥೆ ಬರೆದರು. ಗಾಯದಿಂದ ಓಡಲಾಗದೆ ಈಜುತ್ತಿದ್ದಾಗ, ಕೊಳದ ಗೋಡೆಗೆ ಕಾಲು ಕೊಟ್ಟು ತಿರುಗುವಷ್ಟರಲ್ಲಿ ಪಾದದ ಮೂಳೆ ಮುರಿದಿತ್ತು. ತಪಾಸಣೆ ಮಾಡಿದರೆ ಆಸ್ಟಿಯೋಪೊರೋಸಿಸ್. ಮುಟ್ಟು ನಿಂತ ಎಷ್ಟೋ ವರ್ಷಗಳ ಮೇಲೆ ಅಜ್ಜಿಯರಿಗೆ ಬರುವ ಮೂಳೆ ಸವೆತ ಇಪ್ಪತ್ತು ವರ್ಷದ ಈ ಹುಡುಗಿಗೆ ಬಂದಿತ್ತು. ಅವರು ಅದುವರೆಗೆ ಒಂದು ಸಲವೂ ಮುಟ್ಟಾಗಿರಲಿಲ್ಲ. ಅತಿಯಾದ ತಾಲೀಮು, ಸಾಲದ ಊಟ, ಬಿಡುವಿಲ್ಲದ ಗೀಳು ತನ್ನನ್ನು ಅಲ್ಲಿಗೆ ತಂದವು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಮೂಳೆ ಗಟ್ಟಿಯಾಗುವುದು ಹರೆಯದಿಂದ ಇಪ್ಪತ್ತರ ದಶಕದವರೆಗೆ. ಆಗ ಕಟ್ಟದೆ ಹೋದದ್ದನ್ನು ಆಮೇಲೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ಎಲ್ಲರ ಕಾಯಿಲೆಯೂ ಒಳಗಿನಿಂದಲೇ ಹುಟ್ಟುವುದಿಲ್ಲ. ಅಮೆರಿಕದ ಮೇರಿ ಕೇನ್ 2013ರಲ್ಲಿ, ಹದಿನೇಳನೆಯ ವಯಸ್ಸಿಗೆ, ಮಾಸ್ಕೊ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದವರು. 2019ರ ನವೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮೂಲಕ ಅವರು ಮಾಡಿದ ಆರೋಪ ಕ್ರೀಡಾಲೋಕವನ್ನು ಕದಲಿಸಿತು. ನೈಕಿ ಕಂಪನಿಯ ತರಬೇತಿ ತಂಡದಲ್ಲಿ ತೂಕ ಇಳಿಸು ಎಂಬ ಒತ್ತಡ ನಿರಂತರವಾಗಿತ್ತು, ಸಹ ಆಟಗಾರರ ಎದುರೇ ತೂಕ ಹಾಕಿ ನಾಚಿಸಲಾಗುತ್ತಿತ್ತು, ಮೂರು ವರ್ಷ ಮುಟ್ಟು ನಿಂತಿತು, ಐದು ಮೂಳೆ ಮುರಿದವು, ಸಾಯಬೇಕೆನಿಸಿತು ಎಂದರು. ತರಬೇತುದಾರ ಆಲ್ಬರ್ಟೊ ಸಲಜಾರ್ ಆರೋಪಗಳನ್ನು ನಿರಾಕರಿಸಿದರು. ಕೇನ್ ಹೂಡಿದ ದಾವೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ದನಿ ಎದ್ದ ಮೇಲೆ, ತಾವೂ ಹೀಗೆಯೇ ನರಳಿದೆವು ಎಂದು ಹಲವು ಓಟಗಾರ್ತಿಯರು ಮುಂದೆ ಬಂದರು.

ಚಪ್ಪಾಳೆ ತಟ್ಟುವವರು

ಈ ಕಾಯಿಲೆಯ ಕ್ರೌರ್ಯ ಇರುವುದು ಅದಕ್ಕೆ ಸಿಗುವ ಮೆಚ್ಚುಗೆಯಲ್ಲಿ. ಕುಡಿತ ಬಿಡಲಾಗದವರನ್ನು ಯಾರೂ ಹೊಗಳುವುದಿಲ್ಲ. ಓಟ ಬಿಡಲಾಗದವರನ್ನು ಎಲ್ಲರೂ ಹೊಗಳುತ್ತಾರೆ. ಮೊದಮೊದಲು ತೂಕ ಇಳಿದಾಗ ಸಮಯವೂ ಸುಧಾರಿಸುವುದುಂಟು. ಅದನ್ನು ಕಂಡ ತರಬೇತುದಾರರು ಇನ್ನೂ ಇಳಿಯಲಿ ಎನ್ನುತ್ತಾರೆ. ಮುಟ್ಟು ನಿಂತರೆ ಒಳ್ಳೆಯ ತಾಲೀಮಿನ ಗುರುತು ಎಂಬ ತಪ್ಪು ನಂಬಿಕೆ ಮೈದಾನಗಳಲ್ಲಿ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಕೆಲವು ತಿಂಗಳ ಗೆಲುವಿನ ಹಿಂದೆಯೇ ಮೂಳೆ ಬಿರುಕು ಬರುತ್ತದೆ. ಆಗ ಓಟಗಾರರು ಗಾಯವನ್ನು ದೂರುತ್ತಾರೆ, ಊಟವನ್ನಲ್ಲ.

ಇದು ಒಲಿಂಪಿಕ್ಸ್ ಓಡುವವರ ಮಾತು ಮಾತ್ರವಲ್ಲ. ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾದ ಮೇಲೆ ನಮ್ಮಲ್ಲೂ ಹವ್ಯಾಸಿ ಓಟ ದೊಡ್ಡದಾಗಿ ಬೆಳೆದಿದೆ. ಕಬ್ಬನ್ ಪಾರ್ಕ್‌ನಲ್ಲಿ, ಲಾಲ್‌ಬಾಗ್‌ನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಓಡುವವರಿಗೆ ತರಬೇತುದಾರ ಇಲ್ಲದಿರಬಹುದು, ಕೈಯಲ್ಲಿ ವಾಚ್ ಇದೆ. ಎಷ್ಟು ಕಿಲೋಮೀಟರ್, ಎಷ್ಟು ಕ್ಯಾಲರಿ, ಎಷ್ಟು ದಿನ ಬಿಡದೆ ಎಂದು ಅದು ಎಣಿಸುತ್ತಲೇ ಇರುತ್ತದೆ. ಎಣಿಕೆ ಸ್ಟ್ರಾವಾ ಎಂಬ ಆ್ಯಪ್‌ಗೆ ಹೋಗುತ್ತದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆರಳೆತ್ತಿದ ಚಿತ್ರಗಳು ಬೀಳುತ್ತವೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು ‘ಎಷ್ಟು ಸಣ್ಣ ಆಗಿದ್ದೀಯಲ್ಲ, ಏನು ಮಾಡ್ತೀಯ?’ ಎಂದು ಬೆರಗಾಗುತ್ತಾರೆ. ಹೋಳಿಗೆ ಬೇಡವೆಂದರೆ ಎಂಥ ಮನೋನಿಗ್ರಹ ಎನ್ನುತ್ತಾರೆ. ಉಪವಾಸಕ್ಕೆ ನಮ್ಮಲ್ಲಿ ಗೌರವವಿದೆ, ದೇಹದಂಡನೆಗೂ ಗೌರವವಿದೆ. ಎರಡರ ನೆರಳಲ್ಲೂ ಈ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಇರಬಲ್ಲದು. ಒಬ್ಬರ ತೂಕ ಸರಿಯಾಗಿದ್ದರೂ ಇರಬಲ್ಲದು. ನೋಡಲು ಎಲುಬಿನ ಹಂದರ ಆಗಿರಬೇಕೆಂದೇನೂ ಇಲ್ಲ.

ಶಿಸ್ತೋ, ಗೀಳೋ

ಹೆಚ್ಚು ಓಡುವುದೇ ಗೀಳಲ್ಲ. ಮ್ಯಾರಥಾನ್‌ಗೆ ತಯಾರಾಗುವವರು ವಾರಕ್ಕೆ ನೂರು ಕಿಲೋಮೀಟರ್ ಓಡಿಯೂ ಆರೋಗ್ಯವಾಗಿರಬಹುದು. ದಿನಕ್ಕೆ ಐದೇ ಕಿಲೋಮೀಟರ್ ಓಡುವವರು ಗೀಳಿಗೆ ಸಿಕ್ಕಿರಬಹುದು. 2004ರಲ್ಲಿ ಟೆರಿ, ಸಾಬೊ, ಗ್ರಿಫಿತ್ಸ್ ಎಂಬ ಮೂವರು ಸಂಶೋಧಕರು ರೂಪಿಸಿದ ಚಿಕ್ಕ ಪ್ರಶ್ನಾವಳಿಯಲ್ಲಿ ಕಿಲೋಮೀಟರಿನ ಪ್ರಶ್ನೆಯೇ ಇಲ್ಲ. ಅದು ನೋಡುವುದು ಆರು ಸಂಗತಿ: ವ್ಯಾಯಾಮವೇ ಬದುಕಿನ ಮುಖ್ಯ ವಿಷಯವಾಗಿದೆಯೇ, ಅದರಿಂದ ಮನೆಯವರೊಂದಿಗೆ ಜಗಳವಾಗಿದೆಯೇ, ಮನಸ್ಸು ಸರಿಪಡಿಸಿಕೊಳ್ಳಲು ಅದನ್ನೇ ಬಳಸುತ್ತೀರಾ, ದಿನ ಕಳೆದಂತೆ ಪ್ರಮಾಣ ಏರಿದೆಯೇ, ತಪ್ಪಿದರೆ ಸಿಡಿಮಿಡಿಯಾಗುತ್ತೀರಾ, ಕಡಿಮೆ ಮಾಡಿದರೂ ಮತ್ತೆ ಅಲ್ಲಿಗೇ ಮರಳುತ್ತೀರಾ.

ಈ ಆರಕ್ಕೆ ಊಟದ ಪ್ರಶ್ನೆಗಳನ್ನೂ ಸೇರಿಸಿಕೊಳ್ಳಬೇಕು. ಓಡದ ದಿನ ಊಟ ಕಡಿಮೆ ಮಾಡುತ್ತಾರೆಯೇ? ಹೆಚ್ಚು ತಿಂದೆ ಎಂದು ಮತ್ತೆ ಓಡಲು ಹೋಗುತ್ತಾರೆಯೇ? ಮೊದಲು ಅನ್ನ, ಆಮೇಲೆ ಎಣ್ಣೆ, ಆಮೇಲೆ ಸಿಹಿ ಎಂದು ಒಂದೊಂದೇ ಪದಾರ್ಥ ತಟ್ಟೆಯಿಂದ ಮರೆಯಾಗುತ್ತಿದೆಯೇ? ನಾಲ್ಕು ಜನರ ಜೊತೆ ಕೂತು ಉಣ್ಣುವುದನ್ನು ತಪ್ಪಿಸುತ್ತಾರೆಯೇ? ಮುಟ್ಟು ಮೂರು ತಿಂಗಳಿಂದ ಬಂದಿಲ್ಲವೇ? ಒಂದರ ಹಿಂದೆ ಒಂದು ಮೂಳೆ ಬಿರುಕು ಬರುತ್ತಿದೆಯೇ? ಓಟ ಬಿಡಲಾಗದವರನ್ನು ಕಂಡಾಗ ಊಟವನ್ನು ವಿಚಾರಿಸಬೇಕು. ಊಟ ಕಡಿಮೆಯಾದವರನ್ನು ಕಂಡಾಗ ಓಟವನ್ನು ವಿಚಾರಿಸಬೇಕು. ಕ್ರೀಡಾ ವೈದ್ಯರು, ಮೂಳೆ ವೈದ್ಯರು, ಸ್ತ್ರೀರೋಗ ತಜ್ಞರು ಇಷ್ಟನ್ನು ರೂಢಿ ಮಾಡಿಕೊಂಡರೂ ಬಹಳ ಮಂದಿ ಬೇಗ ಬಚಾವಾಗುತ್ತಾರೆ.

ಮರಳಿ ಬಂದವರು

ಅಮೆರಿಕದ ಮಾಲಿ ಸೈಡಲ್ ಕಾಲೇಜು ಓಟದಲ್ಲಿ ರಾಷ್ಟ್ರ ಪ್ರಶಸ್ತಿಗಳನ್ನು ಬಾಚಿದವರು. 2016ರಲ್ಲಿ, ವೃತ್ತಿಪರ ಓಟದ ಬಾಗಿಲು ತೆರೆದಿದ್ದಾಗ, ಅವರು ಅದನ್ನು ಬದಿಗಿಟ್ಟು ಈಟಿಂಗ್ ಡಿಸಾರ್ಡರ್ ಚಿಕಿತ್ಸೆಗೆ ಸೇರಿದರು. ಗೀಳು ಮನೋರೋಗವೂ (ಒಸಿಡಿ) ಜೊತೆಗಿತ್ತು, ಮೂಳೆಗಳು ಆಗಲೇ ಸೊರಗಿದ್ದವು. ಗಾಯ, ಶಸ್ತ್ರಚಿಕಿತ್ಸೆ ಎಲ್ಲ ದಾಟಿ, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಓಡಿದರು. 2020ರ ಫೆಬ್ರುವರಿಯಲ್ಲಿ ತಮ್ಮ ಮೊದಲ ಮ್ಯಾರಥಾನ್‌ನಲ್ಲೇ ಎರಡನೆಯವರಾಗಿ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದರು. 2021ರ ಆಗಸ್ಟ್ 7ರಂದು ಜಪಾನಿನ ಸಪ್ಪೊರೊದ ಬಿಸಿಲಿನಲ್ಲಿ 2 ಗಂಟೆ 27 ನಿಮಿಷ 46 ಸೆಕೆಂಡಿಗೆ ಗುರಿಮುಟ್ಟಿ ಒಲಿಂಪಿಕ್ಸ್ ಕಂಚು ಗೆದ್ದರು. ಅದು ಅವರ ಮೂರನೆಯ ಮ್ಯಾರಥಾನ್. ಪದಕದ ಮೇಲೂ ಕಾಯಿಲೆ ಮರುಕಳಿಸಿತು ಎಂದು ಅವರೇ ಆಮೇಲೆ ಬಹಿರಂಗವಾಗಿ ಹೇಳಿಕೊಂಡರು. ಅವರ ಕಥೆಯಿಂದ ಎರಡು ಮಾತು ಕಲಿಯಬೇಕು. ಓಟ ನಿಲ್ಲಿಸಿ ಚಿಕಿತ್ಸೆ ಪಡೆದವರ ಓಟ ಅಲ್ಲಿಗೇ ಮುಗಿಯುವುದಿಲ್ಲ. ಗೆಲುವು ಮಾತ್ರ ಯಾರನ್ನೂ ಗುಣಪಡಿಸುವುದಿಲ್ಲ.

ಗುಣಪಡಿಸುವುದು ಒಬ್ಬರ ಕೆಲಸವಲ್ಲ. ವೈದ್ಯರು, ಆಹಾರ ತಜ್ಞರು, ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಜೊತೆಗೂಡಬೇಕು. ಮೊದಲ ಮದ್ದು ಊಟವೇ, ಯಾಕೆಂದರೆ ಹಸಿದ ಮಿದುಳಿಗೆ ಯಾವ ಆಪ್ತ ಸಲಹೆಯೂ ಸರಿಯಾಗಿ ಹತ್ತುವುದಿಲ್ಲ. ತಾಲೀಮನ್ನು ತಗ್ಗಿಸಬೇಕು, ಮೂಳೆ ಅಥವಾ ಹೃದಯಕ್ಕೆ ಅಪಾಯವಿದ್ದರೆ ನಿಲ್ಲಿಸಲೇಬೇಕು. ಮುಟ್ಟು ಬರಲೆಂದು ಗರ್ಭನಿರೋಧಕ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು. ಆ ರಕ್ತಸ್ರಾವ ಮಾತ್ರೆಯದು, ದೇಹ ಚೇತರಿಸಿಕೊಂಡದ್ದರ ಗುರುತಲ್ಲ. ಜೊತೆಜೊತೆಗೆ ಮಾತಿನ ಚಿಕಿತ್ಸೆ ನಡೆಯಬೇಕು. ಓಡದಿದ್ದರೆ ನಾನು ಯಾರು, ಉಂಡರೆ ಏನಾಗಿಬಿಡುತ್ತೇನೆ ಎಂಬ ಭಯಕ್ಕೆ ಅಲ್ಲಿ ಉತ್ತರ ಹುಡುಕಬೇಕು.

ಮನೆಯವರಿಗೂ ಗೆಳೆಯರಿಗೂ ಒಂದು ಮನವಿ. ಓಡುವವರ ಮೈಕಟ್ಟಿನ ಬಗ್ಗೆ ಮೆಚ್ಚುಗೆಯ ಮಾತನ್ನೂ ಆಡಬೇಡಿ. ಹೆಚ್ಚು ತಿನ್ನು ಎಂದು ತಟ್ಟೆಯ ಮುಂದೆ ಜಗಳ ಕಾಯಬೇಡಿ. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ, ಒಬ್ಬರೇ ಸಿಕ್ಕಾಗ, ನೀನು ಸುಸ್ತಾಗಿ ಕಾಣುತ್ತೀಯ, ನಮಗೆ ಚಿಂತೆಯಾಗಿದೆ ಎಂದು ಹೇಳಿ, ವೈದ್ಯರಲ್ಲಿಗೆ ಜೊತೆಗೆ ಹೋಗಿ. ತರಬೇತುದಾರರು ಎಲ್ಲರೆದುರು ತೂಕ ಹಾಕುವುದನ್ನು ಇವತ್ತೇ ಬಿಡಬೇಕು. ಓಡುವ ನೀವು, ಮುಂದಿನ ವಾರ ಎರಡು ದಿನ ಓಡದೆ ಇದ್ದು, ಆ ಎರಡೂ ದಿನ ಎಂದಿನಂತೆ ಹೊಟ್ಟೆ ತುಂಬ ಉಂಡು ನೋಡಿ. ಅದು ಸಾಧ್ಯವಾಗದಿದ್ದರೆ ನಿಮ್ಮದು ಶಿಸ್ತಲ್ಲ, ನಿಮಗೆ ಸಹಾಯ ಬೇಕಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು.